ಕೆಳಗಿನ ಗದ್ದಿಗೆ ಹೋದ ಗೊಬ್ಬರ

ಬಳ್ಳಾರ್ಯಾಗ ನಂದೊಂದು ಖಾನಾವಳಿ ಐತಿ. ಜ್ವಾಳದ ರೊಟ್ಟಿ, ಎರಡು ಪಲ್ಯ, ಬ್ಯಾಳಿ, ಮೊಸರು, ಶೇಂಗಾ ಪುಡಿ. ಮಂದಿ ಉಂಡು ಕೈ ತೊಳಕೊಂಡು ಹೋಗ್ತಾರ, ಎಂಜಲ ನನ್ನ ತಲಿಗೆ. ಖಾನಾವಳಿ ನಡಸದವರಿಗೆ ಈ ಎಂಜಲದ ಚಿಂತಿ ತಿಳಿಯಂಗಿಲ್ಲ. ಕಸದ ಗಾಡಿ ಒಂದಿನ ಬಂದ್ರ ಇನ್ನೊಂದಿನ ಬರಂಗಿಲ್ಲ. ಬರದ ದಿನ ಹಿತ್ತಲದಾಗಿನ ಬುಟ್ಟಿ ನಾರಾಕ ಹತ್ತತಾವ, ಹಂದಿ ಬರ್ತಾವ, ಬಾಜೂ ಮನಿಯವರು ಗ್ವಾಡಿ ಆ ಕಡಿಂದ ಬಾಯಿ ಮಾಡ್ತಾರ. ನನಗೂ ಮೂಗಿನ ತುದಿಮ್ಯಾಲ ಸಿಟ್ಟು. ಅವರು ಒಂದಂದ್ರ ನಾನು ಎರಡು ಅಂತಿದ್ದೆ. ಆದ್ರ ಜಗಳ ಮಾಡಿದ್ರ ಎಂಜಲ ಕರಗತೈತೇನು?

ಹಿಂಗ ಇರೋ ಮುಂದ ಕುರುಗೋಡಿನವರೊಬ್ಬರು ಉಣ್ಣಾಕ ಬಂದಿದ್ರು. ಉಂಡು ಎದ್ದು, "ಅಕ್ಕಾರ, ನಿಮ್ಮ ಎಂಜಲ ನಮಗ ಕೊಡ್ರಿ, ನಮ್ಮ ಹುಳಕ್ಕ ಬೇಕು" ಅಂದ್ರು. ನಾನು ಚ್ಯಾಷ್ಟಿ ಮಾಡ್ತಾರಂತ ತಿಳಕೊಂಡು, "ಹುಳಕ್ಕ ರೊಟ್ಟಿ ಪಾರ್ಸಲ್ ಕಟ್ಟಿಕೊಡ್ಲೇನ್ರಿ?" ಅಂದೆ. ಅವರು ನಗಲಿಲ್ಲ. ಮರುದಿನಾನ ಡ್ರಮ್ಮು ಹಾಕ್ಕೊಂಡು ಗೂಡ್ಸ್ ಆಟೋ ಕಳಿಸಿದ್ರು. ಅವತ್ತಿಂದ ನನ್ನ ಹಿತ್ತಲ ಸ್ವಚ್ಛ ಆತು, ಬಾಜೂ ಮನಿಯವರ ಬಾಯೂ ನಿಂತಿತು.

ಆ ಹುಳ ಎಂಥಾವು ಅಂತ ನೋಡಬೇಕು ಅನ್ನಿಸಿತ್ತು. ಬಾದನಹಟ್ಟಿಗೆ ಜ್ವಾಳ ತರಾಕ ಹೋದಾಗ ಹಂಗ ಕುರುಗೋಡಿಗೆ ಹೋಗಿ ಅವರ ಶೆಡ್ಡಿಗೆ ಕಾಲಿಟ್ಟೆ. ಇಟ್ಟಾಕಿನ "ಯವ್ವಾ" ಅಂತ ಹಿಂದ ಸರದೆ. ಸಿಮೆಂಟಿನ ತೊಟ್ಟಿ ತುಂಬ ಬೆಳ್ಳನ್ನ ಹುಳ, ಒಂದರ ಮ್ಯಾಲೊಂದು ಬಿದ್ದು ಹರದಾಡಾಕ ಹತ್ತಿದ್ವು. ಒಂದು ನಮೂನಿ ಕರೇ ನೊಣದ ಮರಿಗಳಂತ ಅವು. ಕಿವಿಗೊಟ್ಟು ಕೇಳಿದ್ರ ಸಣ್ಣ ಉರಿಮ್ಯಾಲ ಒಗ್ಗರಣಿ ಚಿಟಗುಟ್ಟಿದಂಥ ಸಪ್ಪಳ. ತಿನ್ನೋ ಸಪ್ಪಳ ಅದು. ಹಿಂದಿನ ದಿನ ನನ್ನ ಖಾನಾವಳ್ಯಾಗ ಉಳದ ಅನ್ನ, ಬದನಿಕಾಯಿ ತೊಟ್ಟು, ಸೌತಿಕಾಯಿ ಸಿಪ್ಪಿ, ಎಲ್ಲಾ ಅದರಾಗ ಎಲ್ಲಿ ಹೋಗಿತ್ತೋ ಏನೋ. ನಾರೂದಿಲ್ಲಂತ ಸುಳ್ಳು ಹೇಳಂಗಿಲ್ಲ. ನಾರತೈತಿ. ಆದ್ರ ನನ್ನ ಹಿತ್ತಲ ನಾರಿದಷ್ಟು ಅಲ್ಲ.

"ಹುಳ ಕೋಳಿಗೆ, ಮೀನಿಗೆ ಹೋಗ್ತಾವ್ರೀ. ಅವು ತಿಂದು ಬಿಟ್ಟ ಹಿಕ್ಕಿ ಹೊಲಕ್ಕ" ಅಂದ್ರು ಶೆಡ್ಡಿನವರು. ಹಿಕ್ಕಿ ಅಂದ್ರ ಆಡಿನ ಹಿಕ್ಕಿ ನೋಡಿದ್ದೆ, ಹುಳದ ಹಿಕ್ಕಿ ಅವತ್ತ ನೋಡಿದ್ದು. ಜರಡಿ ಹಿಡದು, ರಾಶಿ ಹಾಕಿ, ಅದರ ಬಿಸಿ ಪೂರಾ ಆರೋಮಟ ಇಟ್ಟಿದ್ರು. ಹಸೀದು ಹಾಕಿದ್ರ ಬೆಳಿ ಸುಡತೈತಂತ. ಆರಿದ್ದನ್ನ ಅಂಗೈಯಾಗ ಹಾಕ್ಕೊಂಡು ನೋಡಿದೆ. ಚಹಾಪುಡಿಯಂಗ ಕಂದು, ಒಣ, ಊದಿದ್ರ ಹಾರಿಹೋಗೋವಷ್ಟು ಹಗುರ.

ಶೆಡ್ಡಿನ ಹಿಂದ ಅವರದ ಎರಿ ಹೊಲ, ಹಿಂಗಾರಿ ಜ್ವಾಳ. ಸಸಿ ಗೇಣುದ್ದ ಆದಾಗ ಸಾಲಿನ ಬಾಜೂಕ ಹಿಕ್ಕಿ ಉದುರಿಸಿ ಎಡಿಕುಂಟಿ ಹೊಡದು ಮಣ್ಣಾಗ ಸೇರಿಸಿದ್ರಂತ. ತೆನಿ ಎಷ್ಟು ಗಟ್ಟಿ ಅಂದ್ರ ಹಿಡದ್ರ ಮುಷ್ಟಿ ತುಂಬತಿತ್ತು. ರಾಶಿ ಆದಮ್ಯಾಲ ಆ ಜ್ವಾಳನ ತಂದು ಖಾನಾವಳ್ಯಾಗ ರೊಟ್ಟಿ ಬಡದೆ. ದಿನಾ ಮಧ್ಯಾಹ್ನ ಉಣ್ಣಾಕ ಬರೋ ಗುಮಾಸ್ತರೊಬ್ಬರು ಅದಾರ, ಉಣ್ಣೂದು ತಿನ್ನೂದರಾಗ ಬಾಳ ನೇಮಿಷ್ಟರು. "ರೊಟ್ಟಿ ಇವತ್ತ ಬಾಳ ರುಚಿ ಐತಿ, ಎಲ್ಲಿ ಜ್ವಾಳ?" ಅಂತ ಕೇಳಿದ್ರು. "ಹುಳದ ಹಿಕ್ಕಿ ಹಾಕಿ ಬೆಳದದ್ರೀ" ಅಂದೆ. ಕೈಯಾಗಿನ ತುತ್ತು ಕೈಯಾಗ ನಿಂತಿತು. "ಯಾಕ್ರೀ, ಎಮ್ಮಿ ಸಗಣಿ ಹಾಕಿ ಬೆಳದದ್ದು ಇಷ್ಟು ವರ್ಷ ಉಂಡ್ರೆಲ್ಲಾ, ಆವಾಗ ಏನೂ ಆಗಲಿಲ್ಲ" ಅಂದೆ. ಅವರು ತುತ್ತು ಬಾಯಿಗಿಟ್ಟು ಇನ್ನೊಂದು ರೊಟ್ಟಿ ಹಾಕಿಸಿಕೊಂಡ್ರು.

ಇದೆಲ್ಲಾ ಯಾಕ ಹೇಳಾಕ ಹತ್ತೀನಿ ಅಂದ್ರ, ನನ್ನ ಅಕ್ಕನ ಸಲುವಾಗಿ.

ಅಕ್ಕನ್ನ ಕೊಟ್ಟಿದ್ದು ಸಿರುಗುಪ್ಪ ತಾಲೂಕಿನ ರಾರಾವಿಗೆ. ಅಲ್ಲಿ ಕಾಲವಿ ನೀರು, ಎಲ್ಲಿ ನೋಡಿದ್ರೂ ನೆಲ್ಲಿನ ಗದ್ದಿ, ಭತ್ತದ ಸೀಮಿ. ಭಾವ ತೀರಿಕೊಂಡಮ್ಯಾಲ ಆಕಿ ಪಾಲಿನ ಗದ್ದಿನೂ ಆಕಿ ಮೈದುನನ ಮಾಡಕೊಂಡು ಬಂದ. ಅಂವ ಕೆಟ್ಟ ಮನಷ್ಯಾ ಅಲ್ಲ, ಅದನ್ನ ಮೊದಲ ಹೇಳಿಬಿಡ್ತೀನಿ. ಸುಗ್ಗಿ ಆದಕೂಡಲೇ ಆಕಿ ಪಾಲಿನ ಚೀಲ ಆಕಿ ಮನಿಗೆ ಮೊದಲ ಬರ್ತಿದ್ವು, ಆಮ್ಯಾಲ ಅವನ ಮನಿಗೆ. ಯಾರಿಗೂ ಒಂದು ಮಾತು ಆಡಾಕ ಜಾಗಾ ಇಟ್ಟಿರಲಿಲ್ಲ.

ಆದ್ರ ಅಕ್ಕಗ ಅದ ನುಂಗಲಾರದ ತುತ್ತಾಗಿತ್ತು. "ಉಣ್ಣಾಕ ಕೊಡ್ತಾನಲೇ, ಬೆಳಿಯಾಕ ಕೊಡಂಗಿಲ್ಲ" ಅಂತ ನನ್ನ ಮುಂದ ಅಂತಿದ್ಲು. "ನನ್ನ ಮನ್ಯಾಗ ನಾನ ಬೀಗರಂಗ ಕುಂತು ಉಣ್ತೀನಿ. ಮದುವಿ ಆದ ಹೊಸದಾಗಿ ನಾನೂ ನಿಮ್ಮ ಭಾವನ ಕೂಡ ಆ ಗದ್ಯಾಗ ನಾಟಿ ಹಚ್ಚೀನಿ. ಈಗ ಬದುವಿನ ಮ್ಯಾಲ ಹೋಗಿ ನಿಂತ್ರ ಆಳುಮಕ್ಕಳು ‘ಬಿಸಲಾಗ ಯಾಕ ಬಂದ್ರೆವ್ವಾ, ಮನಿಗೆ ನಡೀರಿ’ ಅಂತಾರ."  

ಒಂದು ಮುಂಗಾರಿಗೆ ಆಕಿ ಮೈದುನನ ಮುಂದ ಕುಂತು, ನನ್ನ ಪಾಲಿನ ಗದ್ದಿ ನನಗ ಮಾಡಾಕ ಬಿಡು ಅಂತ ಕೇಳೇಬಿಟ್ಲು. ನಾನೂ ಅಲ್ಲೇ ಇದ್ದೆ. ಅಂವ ನಕ್ಕ. "ಅತ್ತಿಗಿ, ಈ ವಯಸ್ಸಿನಾಗ ಕೆಸರಾಗ ಯಾಕ ಇಳೀತೀರಿ? ನಾನೇನರ ಕಮ್ಮಿ ಮಾಡೀನೇನು?" ಅಂದ. "ಕಮ್ಮಿ ಮಾಡಿಲ್ಲಪಾ, ಅದಕ್ಕ ಕೇಳೂದು" ಅಂದ್ಲು ಅಕ್ಕ. ಅಂವಗ ಅರ್ಥ ಆಗಲಿಲ್ಲ, ಆದ್ರೂ ಒಂದು ಮಾತು ಹೇಳಿದ. "ಕಾಲವಿಗೆ ಹತ್ತಿದ ಸಣ್ಣ ಗದ್ದಿ ಐತೆಲ್ಲಾ, ಅದನ್ನ ಈ ಬೆಳಿಗೆ ನೀವ ಮಾಡ್ರಿ. ಅದರ ಕೆಳಗಿನದು ನಾನು ಮಾಡ್ತೀನಿ. ನನ್ನ ಗದ್ದಿಗೆ ಸರಿಸಮ ಬೆಳದ್ರ ನಿಮ್ಮದು ಕಾಯಂ ನಿಮ್ಮ ಕೈಯಾಗ ಇರಲಿ. ಬೆಳೀಲಿಲ್ಲ ಅಂದ್ರ ಮತ್ತ ಈ ಮಾತು ತಗೀಬಾರ್ದು, ನನ್ನಾಣಿ." ಅಕ್ಕ "ಆತು" ಅಂದ್ಲು. ಆವತ್ತ ರಾತ್ರಿ ಆಕಿ ಒಂದು ರೊಟ್ಟಿ ಜಾಸ್ತಿ ಉಂಡ್ಲು.

ಗೊಬ್ಬರ ಏನು ಹಾಕೂದು ಅಂತ ಬಂತು. ಟ್ರ್ಯಾಕ್ಟರ್ ಬಂದಮ್ಯಾಲ ಮನ್ಯಾಗ ಎತ್ತಿಲ್ಲ, ಎಮ್ಮಿಯಿಲ್ಲ, ತಿಪ್ಪಿ ಇದ್ದ ಜಾಗಾದಾಗ ಈಗ ಮೋಟರ್ ಸೈಕಲ್ ನಿಲ್ಲಸ್ತಾರ. ಅಂಗಡ್ಯಾಗಿನ ಚೀಲ ತಂದು ಹಾಕಿದ್ರ ಅದು ಮೈದುನನ ಬೇಸಾಯನ ಆತು, ನಂದೇನಾತು ಅಂತ ಅಕ್ಕನ ಹಟ. "ತಡೀ ಅಕ್ಕಾ, ನನ್ನ ಖಾನಾವಳಿ ಎಂಜಲ ನಿನ್ನ ಗದ್ದಿಗೆ ಗೊಬ್ಬರಾಗಿ ಬರತೈತಿ" ಅಂದೆ. ಶೆಡ್ಡಿನವರಿಗೆ ಹೇಳಿದೆ. ಅವರು ಖುಷಿಯಿಂದ ಇದ್ದ ಹಿಕ್ಕಿ ಅಷ್ಟೂ ಚೀಲ ತುಂಬಿಕೊಟ್ರು. "ಸಸಿ ಬೇರು ಹಿಡದಮ್ಯಾಲ ಮ್ಯಾಲಿಂದ ಉದುರಸ್ರಿ, ಸಾಕು" ಅಂದ್ರು. ಅವರಿಗೆ ಗೊತ್ತಿದ್ದದ್ದು ಜ್ವಾಳ. ನಾವು ಹಾಕೋದು ನೆಲ್ಲಿಗೆ. ಜ್ವಾಳದ ಹೊಲದಾಗ ನೀರು ನಿಂದ್ರಸಂಗಿಲ್ಲ, ನೆಲ್ಲಿನ ಗದ್ಯಾಗ ನೀರು ನಿಂತ ಇರತೈತಿ. ಇಷ್ಟು ಸಣ್ಣ ಮಾತು ಅವರಿಗೂ ಹೊಳೀಲಿಲ್ಲ, ನಮಗೂ ಹೊಳೀಲಿಲ್ಲ.

ನಾಟಿ ಆತು. ಅಕ್ಕ ಸೀರಿ ಎತ್ತಿ ಕಟ್ಟಿ ಹೆಣ್ಣಾಳುಗಳ ಸಾಲಿನಾಗ ನಿಂತು ತಾನೂ ಸಸಿ ಹಚ್ಚಿದ್ಲು. ಸಸಿ ಬೇರು ಹಿಡದು ಹಸರಾದಮ್ಯಾಲ ನನಗ ಫೋನ್ ಹಚ್ಚಿ, "ಬಾರಲೇ, ನಿನ್ನ ಎಂಜಲ ಹಾಕೂಣು" ಅಂದ್ಲು. ನಾನು ಖಾನಾವಳಿ ಅಡಿಗಿಯಾಕಿಗೆ ಒಪ್ಪಿಸಿ ಬಸ್ ಹತ್ತಿದೆ. ಬದುವಿನ ಮ್ಯಾಲ ಕುಂತು ನೋಡಾಕ ಹತ್ತಿದೆ. ಅಕ್ಕ ಉಡಿ ತುಂಬ ಹಿಕ್ಕಿ ತುಂಬಿಕೊಂಡು ನೀರಾಗ ಇಳದು, ಒಂದು ಕಡಿಂದ ಉಗ್ಗಿಕೊಂತ ಹೋದ್ಲು. ಎಷ್ಟು ಚೆಂದ ಉಗ್ಗಿದ್ಲು ಅಂದ್ರ ಒಂದು ಮುಷ್ಟಿ ಹೆಚ್ಚಿಲ್ಲ, ಒಂದು ಮುಷ್ಟಿ ಕಮ್ಮಿಯಿಲ್ಲ. ಚೀಲ ಎಲ್ಲಾ ಖಾಲಿ ಆದ್ವು. ಆಕಿ ಮಾರಿಮ್ಯಾಲ ಬೆವರು, ನಗಿ ಎರಡೂ ಇದ್ವು.

ಹಿಕ್ಕಿ ಮುಳುಗಲಿಲ್ಲ.

ಮೊದಲು ನಾವು ತಲಿ ಕೆಡಿಸಿಕೊಳ್ಳಲಿಲ್ಲ, ನೆನದಮ್ಯಾಲ ತಾನ ಇಳೀತೈತಿ ಅಂದ್ಕೊಂಡ್ವಿ. ಅದು ನೀರಿನ ಮ್ಯಾಲ ತೇಲಿ, ಮೆಲ್ಲಕ ಒಂದು ಕಡಿಗೆ ಸರಿಯಾಕ ಹತ್ತಿತು. ಗಂಡಿ ಕಡೆ. ನೆಲ್ಲಿನ ಸೀಮಿ ನೋಡದವರಿಗೆ ಹೇಳ್ತೀನಿ: ಕಾಲವಿ ನೀರು ಮೊದಲು ಮ್ಯಾಲಿನ ಗದ್ದಿಗೆ ಬರತೈತಿ. ಅಲ್ಲಿ ಬದುವಿನಾಗ ಒಂದು ಸಂದಿ ಬಿಟ್ಟಿರ್ತಾರ, ಅದ ಗಂಡಿ. ಅದರಿಂದ ನೀರು ಕೆಳಗಿನ ಗದ್ದಿಗೆ ಇಳೀತೈತಿ. ಕೆಳಗಿನವರಿಗೆ ಬ್ಯಾರೆ ದಾರಿ ಇಲ್ಲ. ಅಕ್ಕನ ಗಂಡಿಯಿಂದ ನೀರು ಇಳಿಯೋದು ಮೈದುನನ ಗದ್ದಿಗೆ. ನೋಡ ನೋಡೂದರಾಗ ಆ ಕಂದು ಪುಡಿ ಎಲ್ಲಾ ಸಾಲುಗಟ್ಟಿ ಗಂಡ್ಯಾಗಿಂದ ಕೆಳಗ ಇಳಿಯಾಕ ಹತ್ತಿತು.

"ಅಕ್ಕಾ, ಗಂಡಿ ಮುಚ್ಚ!" ಅಂತ ಒದರಿದೆ.

ಆಕಿ ಸಲಿಕಿ ತಗೊಂಡು ಓಡಿದ್ಲು. ಒಂದು ಹೆಂಟಿ ಕೆಸರು ಎತ್ತಿದ್ಲು. ಎತ್ತಿದಾಕಿ ಹಂಗ ನಿಂತ್ಲು. ಆಮ್ಯಾಲ ಆ ಕೆಸರು ಇದ್ದ ಜಾಗಾಕ್ಕ ಇಟ್ಟುಬಿಟ್ಲು.

"ಯಾಕ?" ಅಂದೆ.

"ಇವತ್ತ ನೀರಿನ ಸರದಿ ಕೆಳಗಿನ ಗದ್ದಿದು."

"ಒಂದು ತಾಸು ಮುಚ್ಚಿದ್ರ ಏನು ಮುಳುಗತೈತಿ?"

"ಸಂಜಿಗೆ ಕಾಲವಿ ಬಂದ್ ಆಕ್ಕೈತಿ. ಮತ್ತ ಎಂದು ಬಿಡ್ತಾರೋ. ಅವನ ನಾಟಿ ನಿನ್ನಿ ಮೊನ್ನಿದು, ಇನ್ನ ಬೇರು ಹಿಡದಿಲ್ಲ. ಸಸಿ ಒಣಗತಾವ."

"ಒಣಗ್ಲಿ! ನಿನ್ನ ಗದ್ದಿ ಹೊಂಟೈತಿ, ಕಾಣವಲ್ದೇನು?"

ಅಕ್ಕ ನನ್ನ ಕಡೆ ತಿರುಗಿ, "ಕೆಳಗಿನವರ ನೀರು ಕಟ್ಟಬಾರದಲೇ" ಅಂದ್ಲು. ಆ ಮನಿಗೆ ಹೊಸ ಸೊಸಿಯಾಗಿ ಹೋದಾಗ ಅತ್ತಿ ಹೇಳಿಕೊಟ್ಟ ಮೊದಲ ಮಾತಂತ ಅದು. ಊರಾಗ ಹೊಡದಾಡಿದವರೂ, ಮಾತು ಬಿಟ್ಟವರೂ ಗಂಡಿ ಮಾತ್ರ ಮುಚ್ಚಂಗಿಲ್ಲ. ಮತ್ತ ಆಕಿ ಬದುವಿನ ಮ್ಯಾಲಿನ ಗೋಣಿಚೀಲ ತಂದು ಗಂಡಿಗೆ ಅಡ್ಡ ಹಿಡದ್ಲು, ನೀರು ಹೋಗಲಿ, ಹಿಕ್ಕಿ ಉಳೀಲಿ ಅಂತ. ಹಿಕ್ಕಿ ಚೀಲಕ್ಕ ಮೆತ್ತಿಕೊಂಡು ನೀರೂ ನಿಂತುಬಿಟ್ಟಿತು. ಆಕಿ ಚೀಲ ತಗದ್ಲು. ಸಂಜಿಮಟ ಇಬ್ಬರೂ ಬದುವಿನ ಮ್ಯಾಲ ಕುಂತು, ನಮ್ಮ ಗೊಬ್ಬರ ಮಂದಿ ಗದ್ದಿಗೆ ಹೋಗೋದು ನೋಡಿದ್ವಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನನಗ ಎಂಥಾ ಸಿಟ್ಟು ಬಂದಿತ್ತಂದ್ರ, ಬಸ್ಸಿನಾಗ ಕಂಡಕ್ಟರ್ ಚಿಲ್ಲರ ಕೇಳಿದ್ದಕ್ಕ ಅವನ ಮ್ಯಾಲ ಹರಿಹಾಯ್ದೆ. ಮರುದಿನ ಶೆಡ್ಡಿನವರಿಗೆ ಫೋನ್ ಹಚ್ಚಿ ಬೈಯಾಕ ಚಾಲೂ ಮಾಡಿದೆ. ಆ ಮನಷ್ಯಾ ಬೈಸಿಕೊಂಡು, "ತಪ್ಪಾತ್ರೀ ಅಕ್ಕಾರ, ಎರಿ ಹೊಲದವ ನಾನು, ನೀರಾಗಿನ ಬೆಳಿ ಲಕ್ಷ್ಯಕ್ಕ ಬರಲಿಲ್ಲ. ನಾಟಿಗೆ ಮೊದಲ ಕೆಸರಾಗ ಕೂಡಿಸಿ ತುಳೀಬೇಕಿತ್ತು" ಅಂದ್ರು. ಬಾಳ ನೊಂದಕೊಂಡ್ರು. ನಾನ ಸಮಾಧಾನ ಹೇಳಬೇಕಾತು. ಇನ್ನೊಂದಿಷ್ಟು ಕೊಡ್ರಿ ಅಂದ್ರ ಶೆಡ್ಡು ಖಾಲಿ. ಮುಂದ ಬರೋದು ಹಿಂಗಾರಿ ಜ್ವಾಳದವರಿಗೆ ಮಾತು ಕೊಟ್ಟಾಗಿತ್ತು.

ಆಮ್ಯಾಲ ಎರಡೂ ಗದ್ದಿ ಬೆಳದ್ವು. ಮೈದುನ ಎಂದಿನಂಗ ಯೂರಿಯಾ ಹಾಕಿದ. ಅವನ ಗದ್ದಿ, ಅದರಾಗೂ ನಮ್ಮ ಗಂಡಿ ಕೆಳಗಿನ ಅರ್ಧ, ಕಪ್ಪಂದ್ರ ಕಪ್ಪು ಹಸರು. ದಾರ್ಯಾಗ ಹೋಗೋರು ನಿಂತು ನೋಡಿ ಹೋಗ್ತಿದ್ರು. ಅಕ್ಕನ ಗದ್ದಿ ಬೆಳ್ಳಗ, ಬಡಬಡಕಲ, ಬಾಣಂತ್ಯಾಗಿ ಎದ್ದ ಹೆಣ್ಣುಮಗಳಂಗ. ಯಾರದೋ ರೊಕ್ಕ ಯಲ್ಲಮ್ಮನ ಜಾತ್ರಿ ಅಂದಂಗಾತು. "ಈ ಸಲ ಬೆಳಿ ಬಾಳ ಚಲೋ ಐತೆಲ್ಲಾ" ಅಂತ ಮಂದಿ ಅಂದ್ರ ಅಂವ ಮೀಸ್ಯಾಗ ನಗತಿದ್ದ. 

"ಹೇಳ ಅವಗ, ಅದು ನನ್ನ ಗೊಬ್ಬರ ಅಂತ" ಅಂತ ಅಕ್ಕನ ಬೆನ್ನು ಹತ್ತಿದೆ.

"ಈಗ ಹೇಳಿದ್ರ ಕುಣಿಯಾಕ ಬರದಾಕಿ ನೆಲ ಡೊಂಕು ಅಂದಂಗಾಕ್ಕೈತಿ. ಮಾತು ಮಾತ. ಸರಿಸಮ ಬೆಳೀಲಿಲ್ಲ, ಮುಗೀತು" ಅಂದ್ಲು. ಒಂದಿಷ್ಟು ಯೂರಿಯಾನರ ಹಾಕು ಅಂದೆ, ಅದಕ್ಕೂ ಒಲ್ಲೆ ಅಂದ್ಲು. ಆದ್ರ ದಿನಾ ಮುಂಜಾನಿ ಗದ್ದಿಗೆ ಹೋಗೋದು ಬಿಡಲಿಲ್ಲ. ಕಳೆ ತಗೀತಿದ್ಲು, ಬದು ಕೆತ್ತತಿದ್ಲು. ಇನ್ನೊಂದು ಸಲ ಇದು ನನ್ನ ಕೈಗೆ ಸಿಗಂಗಿಲ್ಲ, ಇದ್ದಷ್ಟು ದಿನ ಮಾಡ್ತೀನಿ ಅಂತ ಒಂದಿನ ಫೋನಿನಾಗ ಅಂದ್ಲು. ಫೋನ್ ಇಟ್ಟು ನಾನು ಅಡಿಗಿಮನ್ಯಾಗ ಹೋಗಿ ಅತ್ತೆ.

ತೆನಿ ಬಾಗಿ ಕಾಳು ಗಟ್ಟಿ ಆಗೋ ಹೊತ್ತಿಗೆ ಎಲ್ಲೋ ಸಮುದ್ರದಾಗ ವಾಯುಭಾರ ಕುಸದೈತಂತ ಇಲ್ಲಿ ಎರಡು ದಿನ ಗಾಳಿ ಮಳಿ ಹೊಡೀತು. ಮಳಿ ನಿಂತ ಮುಂಜಾನಿ ನಾನು ರಾರಾವಿಗೆ ಹೋದೆ. ಅಕ್ಕನ ಗದ್ದಿ ನೋಡಿದೆ. ಬಡಕಲ ನೆಲ್ಲು ಗಾಳಿಗೆ ಬಾಗಿ ಮತ್ತ ಎದ್ದು ನಿಂತಿತ್ತು. ಕೆಳಗ ನೋಡಿದೆ. ಮೈದುನನ ಗದ್ದಿ ಅರ್ಧಕ್ಕರ್ಧ ಮಲಗಿಬಿಟ್ಟಿತ್ತು, ಕಪ್ಪಗ ಬೆಳದಿದ್ದ ಆ ಅರ್ಧನ. ಸೊಕ್ಕಿ ಬೆಳದ ದಂಟಿಗೆ ಕಸುವಿರಲಿಲ್ಲ. ತೆನಿ ಎಲ್ಲಾ ನೀರಾಗ. ಹಂಗ ಬಿಟ್ರ ಕಾಳಿಗೆ ಮೊಳಕಿ ಬರತೈತಿ, ಎಲ್ಲಾ ಹೋತಂತನ ಲೆಕ್ಕ.

ಖರೇ ಹೇಳ್ತೀನಿ, ನನಗ ಒಳಗೊಳಗ ಖುಷಿ ಆತು. ಆದ್ರ ಅಕ್ಕ ಎಲ್ಲಿ ಅಂತ ನೋಡಿದ್ರ ಆಕಿ ತನ್ನ ಗದ್ಯಾಗ ಇಲ್ಲ. ಕೆಳಗಿನ ಗದ್ಯಾಗ ಮೊಣಕಾಲುಮಟ ಕೆಸರಾಗ ನಿಂತು, ಬಿದ್ದ ನೆಲ್ಲು ಎತ್ತಿ ನಾಕೈದು ಬುಡ ಕೂಡಿಸಿ ಅದರ ದಂಟಿನಿಂದನ ಕಟ್ಟಿ ನಿಲ್ಲಸಾಕ ಹತ್ತಿದ್ಲು. ಊರಾಗ ಎಲ್ಲಾರ ಗದ್ದಿದೂ ಅದ ಪಾಡು, ಆಳು ಸಿಗಂಗಿಲ್ಲ. ಮೈದುನ, ಅವನ ಹೇಣ್ತಿ, ಅಕ್ಕ, ಮೂರ ಮಂದಿ. ನಾನೂ ಬೈಕೊಂತ ಸೀರಿ ಎತ್ತಿ ಕಟ್ಟಿ ಇಳದೆ.

ಅಂವ ಕಟ್ಟಿಕೊಂತ ಕಟ್ಟಿಕೊಂತ ತನ್ನಷ್ಟಕ್ಕ ತಾನ ಮಾತಾಡಾಕ ಹತ್ತಿದ್ದ. "ಎಂದಿನಷ್ಟ ಯೂರಿಯಾ ಹಾಕೀನಿ. ಒಂದು ಮುಷ್ಟಿ ಹೆಚ್ಚು ಹಾಕಿಲ್ಲ. ಅಣ್ಣ ಇದ್ದಾಗ ಈ ಗದ್ದಿ ಒಮ್ಮಿನೂ ಬಿದ್ದಿದ್ದಿಲ್ಲ. ನನ್ನ ಕೈ ಕೆಟ್ಟೈತಿ, ಗದ್ದಿ ನನಗ ಒಗ್ಗವಲ್ದು." ಅವನ ಕಣ್ಣಾಗ ನೀರು ಬಂದಿತ್ತು. ಅಷ್ಟು ದಿನ ಮೀಸ್ಯಾಗ ನಕ್ಕಾಂವ ಇವನೇನು ಅನ್ನಿಸಿತು.

ಅಕ್ಕ ಕೈ ನಿಲ್ಲಿಸಿದ್ಲು. ಏನು ಹೇಳಾಕ ಹೊಂಟಾಳ ಅಂತ ನನಗ ಗೊತ್ತಾತು. ಬ್ಯಾಡ ಅಂತ ಕಣ್ಣು ಬಿಟ್ಟೆ. ಬೆಳಿ ಚಲೋ ಇದ್ದಾಗ ಹೇಳಿದ್ರ ಆಕಿಗೆ ಹೆಸರರ ಬರ್ತಿತ್ತು, ಈಗ ಹೇಳಿದ್ರ ತಪ್ಪು ತಲಿಮ್ಯಾಲ ಬರತೈತಿ. ಗದ್ದಿ ಅಂತೂ ಹೋತು, ಮಾತೂ ಕೇಳಬೇಕು.

"ನಿನ್ನ ಕೈ ಕೆಟ್ಟಿಲ್ಲಪಾ" ಅಂದ್ಲು. "ನನ್ನ ಗೊಬ್ಬರ ಇದು. ನಾನು ಉಗ್ಗಿದ ಹುಳದ ಹಿಕ್ಕಿ ಎಲ್ಲಾ ತೇಲಿ ಗಂಡ್ಯಾಗ ಹಾದು ನಿನ್ನ ಗದ್ದಿಗೆ ಬಂತು. ಅದರ ಮ್ಯಾಲ ನೀನು ಯೂರಿಯಾ ಹಾಕಿದಿ. ಎರಡು ಊಟ ಒಂದ ಹೊಟ್ಟಿಗೆ ಬಿದ್ದಂಗಾತು. ಆವತ್ತ ನಿನಗ ಹೇಳಿದ್ರ ನೀನು ಯೂರಿಯಾ ಕಮ್ಮಿ ಹಾಕ್ತಿದ್ದಿ. ನಾನು ಹೇಳಲಿಲ್ಲ."

ಅಂವ ನೆಟ್ಟಗ ನಿಂತ. ಮ್ಯಾಲಿನ ಗದ್ದಿ ನೋಡಿದ, ಗಂಡಿ ನೋಡಿದ, ತನ್ನ ಬಿದ್ದ ನೆಲ್ಲು ನೋಡಿದ.

"ತೇಲಿ ಹೋಗೋದು ಆವತ್ತ ಕಂಡ್ರೇನು?"

"ಕಂಡೆ."

"ಮತ್ತ ಗಂಡಿ ಯಾಕ ಮುಚ್ಚಲಿಲ್ಲ?"

"ನಿನ್ನ ಸರದಿ ಇತ್ತಲ್ಲಪಾ."

ಅಂವ ಕೈಯಾಗಿನ ಕೆಸರು ಜಾಡಿಸಿದ. ಮತ್ತ ಬಗ್ಗಿ ಕಟ್ಟಾಕ ಹತ್ತಿದ. ಅಕ್ಕನೂ ಬಗ್ಗಿದ್ಲು.  ಒಂದು ಸಾಲು ಮುಗದು ಇನ್ನೊಂದು ಸಾಲಿಗೆ ತಿರುಗಿದಾಗ, ತಲಿ ಎತ್ತದ ಅಂವ ಅಂದ:

"ಮುಂದಿನ ಬೆಳಿಗೆ ನಾಟಿಗೆ ಮೊದಲ ಹಾಕ್ರಿ ಅತ್ತಿಗಿ, ಕೆಸರಾಗ ಕೂಡ್ಲಿ. ಹಾಕೋ ದಿನ ನನಗೊಂದು ಮಾತು ಹೇಳ್ರಿ. ನನ್ನ ಸರದಿ ಇದ್ರೂ ಇರಲಿ, ನಾನ ಬಂದು ಗಂಡಿ ಮುಚ್ಚತೀನಿ."

"ಮುಂದಿನ ಬೆಳಿಗೆ?" ಅಂದ್ಲು ಅಕ್ಕ.

"ಹೂಂ ಮತ್ತ. ಗದ್ದಿ ನಿಮ್ದು, ನೀವಲ್ದ ಹಾಕೋರು ಯಾರು?"

ಅಕ್ಕ ಕಟ್ಟಾಕ ಹತ್ತಿದ್ದ ಗಂಟು ಬಿಚ್ಚಿಹೋತು, ಎತ್ತಿದ ನೆಲ್ಲು ಮತ್ತ ನೀರಾಗ ಬಿತ್ತು. ನಾನು ಹೋಗಿ ಎತ್ತಿ ಹಿಡಕೊಂಡೆ, ಆಕಿ ಕಟ್ಟಿದ್ಲು.